ಗಣಿಗಾರರ ಚಾಪೆಲು: ಅದರ ಇತಿಹಾಸ ಮತ್ತು ವಾಸ್ತುಶಿಲ್ಪ

ಕೋಲಾರದ ಚಿನ್ನದ ಗಣಿಗಳೆಂದೊಡನೆ ಸಾಮಾನ್ಯರ ಕಣ್ಣಿಗೆ ಕಟ್ಟುವ ಚಿತ್ರ ಕೆಲವೇ ವಸ್ತುಗಳಿಂದಾದುದು: ಆಕಾಶಕ್ಕೆ ಚಾಚಿದ ಉಕ್ಕಿನ ಗೋಪುರಗಳು, ಬಿಳುಪೇರಿದ ಸೈನೈಡ್ ಗುಡ್ಡಗಳು, ಸಾಲುಸಾಲಾಗಿ ನಿಂತ ಕಾರ್ಮಿಕರ ಮನೆಗಳು. ಈ ಚಿತ್ರದೊಳಗೆ ಇನ್ನೊಂದು ಬಗೆಯ ಕಟ್ಟಡಗಳೂ ಸೇರಿವೆ. ಅವು ಇಲ್ಲಿಯ ಮಣ್ಣಿನಲ್ಲಿ ಬೆವರು ಸುರಿಸಿದ ನಾನಾ ಜನಾಂಗಗಳು ಕಟ್ಟಿಕೊಂಡ ಆರಾಧನಾ ಮಂದಿರಗಳು. ದೇವಾಲಯ, ಮಸೀದಿ, ಬೌದ್ಧ ವಿಹಾರಗಳ ಜೊತೆಗೆ ಕ್ರೈಸ್ತರ ಹಲವು ಪಂಗಡಗಳ ಇಗರ್ಜಿಗಳೂ ಈ ಕ್ಷೇತ್ರದಲ್ಲಿವೆ. ಚಾಂಪಿಯನ್ ರೀಫ್ಸ್‌ನಲ್ಲಿರುವ ವಿಜಯಮಾತೆಯ ಇಗರ್ಜಿ ರೋಮನ್ ಕ್ಯಾಥೊಲಿಕರದು. ಊರಿಗಾಮಿನಲ್ಲಿರುವ ಸಂತ ಮೈಕೇಲರ ಇಗರ್ಜಿ ಆಂಗ್ಲಿಕನರದು. ಈ ಎರಡಕ್ಕೂ ಸೇರದ ಮೂರನೆಯ ಪರಂಪರೆಯೊಂದುಂಟು. ಅದಕ್ಕೆ ಇಂಗ್ಲೆಂಡಿನಲ್ಲಿ ‘ನಾನ್‌ಕನ್‌ಫಾರ್ಮಿಸ್ಟ್’, ಎಂದರೆ ರಾಜಮಾನ್ಯ ಧರ್ಮಪದ್ಧತಿಗೆ ಒಳಪಡಲೊಪ್ಪದವರು, ಎಂಬ ಹೆಸರು. ಇವರ ಆರಾಧನಾ ಮಂದಿರವೇ ‘ಚಾಪೆಲು’. ಈ ಪರಂಪರೆ ಎಲ್ಲಿ ಹುಟ್ಟಿತು, ಅದರ ಮಂದಿರಗಳು ಏಕೆ ಅಷ್ಟು ಸರಳವಾಗಿದ್ದವು, ಅದು ಕೋಲಾರದ ಗಣಿಗಳಿಗೂ ಕನ್ನಡ ನಾಡಿಗೂ ಹೇಗೆ ಬಂದು ಯಾವ ರೂಪವನ್ನು ತಾಳಿತು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಒಪ್ಪದವರ ಇತಿಹಾಸ

1662ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಏಕರೂಪತಾ ಶಾಸನವೊಂದನ್ನು ಅಂಗೀಕರಿಸಿತು. ರಾಜ್ಯದ ಎಲ್ಲ ಪಾದ್ರಿಗಳೂ ಸರ್ಕಾರ ಗೊತ್ತುಮಾಡಿದ ಪ್ರಾರ್ಥನಾ ಪುಸ್ತಕವನ್ನೇ ಚಾಚೂ ತಪ್ಪದೆ ಅನುಸರಿಸಬೇಕೆಂಬುದು ಅದರ ವಿಧಿ. ಆತ್ಮಸಾಕ್ಷಿ ಒಪ್ಪದ ಕಾರಣ ಸುಮಾರು 2000 ಮಂದಿ ಪಾದ್ರಿಗಳು ತಮ್ಮ ಸ್ಥಾನಗಳನ್ನೂ ಮನೆಗಳನ್ನೂ ಕಳೆದುಕೊಂಡರು. 1664ರ ಶಾಸನ ಅವರು ಸಭೆ ಸೇರುವುದನ್ನು ಅಪರಾಧವೆಂದು ಸಾರಿತು. 1665ರದು ಅವರು ಪಟ್ಟಣಗಳಿಗೆ ಐದು ಮೈಲಿಗಿಂತ ಹತ್ತಿರ ಬರಬಾರದೆಂದಿತು. ಆ ಕಾಲದಲ್ಲಿ ಈ ಜನ ಕಣಜಗಳಲ್ಲಿ, ಅಡಿಗೆಮನೆಗಳಲ್ಲಿ, ಕಾಡಿನ ತೆರಪುಗಳಲ್ಲಿ ಗುಟ್ಟಾಗಿ ಕೂಡಿ ಪ್ರಾರ್ಥಿಸಿದರು. 1689ರ ಸಹಿಷ್ಣುತಾ ಶಾಸನದಿಂದ ಮಾತ್ರ ಅವರಿಗೆ ಸ್ವಂತ ಸಭಾಗೃಹಗಳನ್ನು ಕಟ್ಟಿಕೊಳ್ಳುವ ಅನುಮತಿ ದೊರೆಯಿತು. ಅದರಲ್ಲಿಯೂ ಒಂದು ಷರತ್ತಿತ್ತು: ಸಭೆ ನಡೆಯುತ್ತಿರುವಾಗ ಬಾಗಿಲಿಗೆ ಬೀಗವನ್ನಾಗಲಿ ಅಗುಳಿಯನ್ನಾಗಲಿ ಹಾಕಕೂಡದು. ಹೊಸ ಸ್ವಾತಂತ್ರ್ಯದಲ್ಲಿಯೂ ಹಳೆಯ ಸಂಶಯ ಹೀಗೆ ಉಳಿದಿತ್ತು.

ಚಾಪೆಲಿನ ಸ್ವರೂಪವನ್ನು ನಿರ್ಧರಿಸಿದ ಕಾರಣಗಳಲ್ಲಿ ಈ ಚರಿತ್ರೆಯೂ ಒಂದು. ಗುಟ್ಟಾಗಿ ಮನೆಗಳಲ್ಲಿ ಕೂಡಿದವರು ಮಂದಿರವನ್ನು ಕಟ್ಟಿದಾಗ ಅದೂ ಮನೆಯಂತೆಯೇ ಆಯಿತು. ಎತ್ತರದ ಶಿಖರವಿಲ್ಲ, ದೊಡ್ಡ ಗಂಟೆಯಿಲ್ಲ, ವಿಗ್ರಹವಿಲ್ಲ, ವರ್ಣಚಿತ್ರವಿಲ್ಲ. ಇಳಿಜಾರು ಚಾವಣಿ, ನಾಲ್ಕು ಗೋಡೆ, ಉದ್ದನೆಯ ಕಿಟಕಿಗಳು. ಮುಂಗೋಡೆಯ ಮೇಲೆ ಕಟ್ಟಿದ ವರ್ಷವನ್ನೂ ‘ಬೆಥೆಲ್’, ‘ಎಬೆನೆಜರ್’, ‘ಸಿಯೋನ್’ ಎಂಬಂತಹ ಬೈಬಲಿನ ಹೆಸರನ್ನೂ ಕೆತ್ತಿದ ಒಂದು ಕಲ್ಲು. ಇಷ್ಟೇ ಅದರ ಅಲಂಕಾರ.

ಈ ಜನಕ್ಕೆ ವಿದ್ಯೆಯ ಬಾಗಿಲುಗಳೂ ಬಹುಕಾಲ ಮುಚ್ಚಿದ್ದವೆಂಬುದನ್ನು ಅಧ್ಯಾಪಕ ವರ್ಗದವರು ವಿಶೇಷವಾಗಿ ಗಮನಿಸಬೇಕು. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ರಾಜಮಾನ್ಯ ಧರ್ಮಕ್ಕೆ ಒಳಪಡದವನಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳಲ್ಲಿ ಪದವಿ ದೊರೆಯುತ್ತಿರಲಿಲ್ಲ. ಉಳಿದ ಅಡೆತಡೆಗಳು ಬಹುಮಟ್ಟಿಗೆ ತೊಲಗಿದ್ದು 1871ರಲ್ಲಿ. ಆದುದರಿಂದ ಅವರು ತಮ್ಮವೇ ವಿದ್ಯಾಪೀಠಗಳನ್ನು ಕಟ್ಟಿದರು. ಚಾಪೆಲಿನ ಪಕ್ಕದಲ್ಲಿಯೋ ಕೆಳ ಅಂತಸ್ತಿನಲ್ಲಿಯೋ ಒಂದು ಪಾಠಶಾಲೆಯನ್ನಿಟ್ಟರು. ಭಾನುವಾರದ ಪಾಠಶಾಲೆಗಳಲ್ಲಿ ಅಕ್ಷರ ಕಲಿತ ಗಣಿಯ ಹುಡುಗರಿಗೆ ಲೆಕ್ಕವಿಲ್ಲ. ಮಂದಿರವಿದ್ದಲ್ಲಿ ಶಾಲೆಯಿರಬೇಕೆಂಬ ಈ ಪದ್ಧತಿಯೇ ಮುಂದೆ ಕನ್ನಡ ನಾಡಿಗೂ ಬಂದಿತು.

ಕೇಳುವುದಕ್ಕಾಗಿ ಕಟ್ಟಿದ ಮನೆ

ಚಾಪೆಲಿನ ವಾಸ್ತುಶಿಲ್ಪವನ್ನು ಅರಿಯಲು ಒಂದೇ ಸೂತ್ರ ಸಾಕು: ಅದು ನೋಡುವುದಕ್ಕಾಗಿ ಕಟ್ಟಿದ್ದಲ್ಲ, ಕೇಳುವುದಕ್ಕಾಗಿ ಕಟ್ಟಿದ್ದು. ಹಳೆಯ ಇಗರ್ಜಿಗಳಲ್ಲಿ ಭಕ್ತನ ದೃಷ್ಟಿ ಉದ್ದನೆಯ ಅಂಕಣವನ್ನು ದಾಟಿ ಪೂರ್ವದ ತುದಿಯಲ್ಲಿರುವ ಬಲಿಪೀಠದತ್ತ ಸಾಗುತ್ತದೆ. ಪೂಜಾವಿಧಿಯ ಸ್ಥಾನಕ್ಕೂ ಜನರ ಸ್ಥಾನಕ್ಕೂ ನಡುವೆ ಅಂತರವಿರುತ್ತದೆ. ಚಾಪೆಲಿನಲ್ಲಿ ಕೇಂದ್ರಸ್ಥಾನ ಉಪದೇಶ ಪೀಠಕ್ಕೆ ಸಲ್ಲುತ್ತದೆ. ಪ್ರಭುಭೋಜನದ ಮೇಜು ಆ ಪೀಠದ ಕೆಳಗೆ, ಜನರ ಮಟ್ಟದಲ್ಲಿಯೇ ಇರುತ್ತದೆ. ಹಳೆಯ ಸಭಾಗೃಹಗಳಲ್ಲಿ ಪೀಠವನ್ನು ಅನೇಕ ವೇಳೆ ಕಟ್ಟಡದ ಉದ್ದ ಗೋಡೆಯ ನಡುವೆ ಇಡುತ್ತಿದ್ದರು. ಮೂರು ಕಡೆಗಳಲ್ಲಿ ಮರದ ಉಪ್ಪರಿಗೆಗಳನ್ನು ಕಟ್ಟಿದರೆ ಹೆಚ್ಚು ಜನ ಕಡಿಮೆ ದೂರದಲ್ಲಿ ಕೂಡಬಹುದಾಗಿತ್ತು.

ಇದರ ಹಿಂದೆ ಶ್ರವಣಶಾಸ್ತ್ರದ ಲೆಕ್ಕಾಚಾರವಿದೆ. ಲಂಡನ್ನಿನ ಸಂತ ಪಾಲರ ಮಹಾಮಂದಿರವನ್ನು ನಿರ್ಮಿಸಿದ ಕ್ರಿಸ್ಟಫರ್ ರೆನ್ ಆಂಗ್ಲಿಕನನೇ ಆದರೂ, 1711ರಲ್ಲಿ ಬರೆದ ಪತ್ರವೊಂದರಲ್ಲಿ ಮಧ್ಯಮ ಧ್ವನಿಯ ಉಪದೇಶಕನ ಮಾತು ಮುಂದಕ್ಕೆ 50 ಅಡಿ, ಎರಡೂ ಪಕ್ಕಗಳಿಗೆ 30 ಅಡಿ, ಹಿಂದಕ್ಕೆ 20 ಅಡಿ ದೂರ ಸ್ಪಷ್ಟವಾಗಿ ಕೇಳಬಲ್ಲದೆಂದು ಗಣಿಸಿದ್ದನು. ಧ್ವನಿವರ್ಧಕ ಯಂತ್ರಗಳಿಲ್ಲದ ಆ ಕಾಲದಲ್ಲಿ ಮಂದಿರದ ಅಳತೆಯನ್ನು ಮನುಷ್ಯನ ಕಂಠವೇ ನಿಶ್ಚಯಿಸಬೇಕಾಗಿತ್ತು. ಅತಿ ಎತ್ತರದ ಕಮಾನು ಮಾಳಿಗೆ ಮಾತನ್ನು ಮರುದನಿಯಲ್ಲಿ ಮುಳುಗಿಸುತ್ತದೆ. ಗಾರೆಯ ಸಮತಲ ಚಾವಣಿ ಅದನ್ನು ಜನರತ್ತ ಹಿಂದಿರುಗಿಸುತ್ತದೆ. ಮೆಥೊಡಿಸ್ಟ್ ಪಂಥದ ಸ್ಥಾಪಕನಾದ ಜಾನ್ ವೆಸ್ಲಿ ಅಷ್ಟಕೋನಾಕೃತಿಯ ಮಂದಿರಗಳನ್ನು ಮೆಚ್ಚಿದನು. 1764ರಲ್ಲಿ ಯಾರ್ಕ್‌ಷೈರಿನ ಹೆಪ್ಟನ್‌ಸ್ಟಾಲಿನಲ್ಲಿ ಕಟ್ಟಿದ ಅಂತಹ ಒಂದು ಮಂದಿರ ಈಗಲೂ ನಿಂತಿದೆ. ಕಿಟಕಿಗಳಿಗೆ ಬಣ್ಣದ ಗಾಜಿಗೆ ಬದಲು ತಿಳಿಗಾಜನ್ನು ಹಾಕುತ್ತಿದ್ದುದಕ್ಕೂ ಕಾರಣ ಹುಡುಕಬೇಕಾದುದಿಲ್ಲ: ಜನ ಗ್ರಂಥವನ್ನು ತೆರೆದು ತಾವೇ ಓದಬೇಕಾಗಿತ್ತು, ಓದುವುದಕ್ಕೆ ಬೆಳಕು ಬೇಕಾಗಿತ್ತು.

ಕಾರ್ನ್‌ವಾಲಿನಿಂದ ಕೋಲಾರಕ್ಕೆ

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ತವರ ಮತ್ತು ತಾಮ್ರದ ಗಣಿಗಳಿಗೆ ಹೆಸರಾದ ಪ್ರಾಂತ. ವೆಸ್ಲಿ 1743ರಲ್ಲಿ ಮೊದಲ ಬಾರಿಗೆ ಅಲ್ಲಿಗೆ ಹೋದನು. ತನ್ನ ಜೀವಮಾನದಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಅಲ್ಲಿಗೆ ಪ್ರಯಾಣ ಮಾಡಿದನು. ಗಣಿಗಾರರಿಗೆ ಪ್ರತಿದಿನವೂ ಮೃತ್ಯುವಿನ ನೆರೆಹೊರೆ. ಅವರ ಹಳ್ಳಿಗಳಿಗೆ ರಾಜಮಾನ್ಯ ಇಗರ್ಜಿಗಳು ದೂರ, ಪಾದ್ರಿಗಳು ಇನ್ನೂ ದೂರ. ಬಯಲಿನಲ್ಲಿ ನಿಂತು ಅವರ ಭಾಷೆಯಲ್ಲಿಯೇ ಮಾತನಾಡಿದ ಉಪದೇಶಕನಿಗೆ ಅವರು ಕಿವಿಗೊಟ್ಟರು. ಗ್ವೆನ್ನಪ್ ಎಂಬಲ್ಲಿ ಗಣಿಯ ಕೆಲಸದಿಂದ ನೆಲ ಕುಸಿದು ಉಂಟಾಗಿದ್ದ ದೊಡ್ಡ ತಗ್ಗಿನಲ್ಲಿ ವೆಸ್ಲಿ 1762ರಿಂದ 1789ರವರೆಗೆ ಅನೇಕ ಸಲ ಉಪದೇಶ ಮಾಡಿದನು. ಆತನ ಮರಣಾನಂತರ, 1806ರಲ್ಲಿ, ಆ ತಗ್ಗನ್ನು ಹುಲ್ಲಿನ ಮೆಟ್ಟಿಲುಗಳುಳ್ಳ ವರ್ತುಲಾಕಾರದ ಸಭಾಂಗಣವಾಗಿ ರೂಪಿಸಿದರು. ಗಣಿಗಾರರ ಪಾಲಿಗೆ ಕುಸಿದ ನೆಲವೇ ಮಂದಿರವಾಯಿತು.

ಕಾರ್ನ್‌ವಾಲಿನ ಚಾಪೆಲುಗಳನ್ನು ಕಟ್ಟಿದವರು ಬಹುಮಟ್ಟಿಗೆ ಬಡವರೇ. ಬಿಲ್ಲಿ ಬ್ರೇ ಎಂಬ ತವರದ ಗಣಿಯ ಕೆಲಸಗಾರ (1794–1868) ಇದಕ್ಕೊಂದು ಉಜ್ವಲ ನಿದರ್ಶನ. ಯೌವನದಲ್ಲಿ ಕುಡಿತಕ್ಕೆ ದಾಸನಾಗಿದ್ದ ಈತ ಮನಃಪರಿವರ್ತನೆ ಹೊಂದಿ ಉಪದೇಶಕನಾದನು. ಗಣಿಯ ಪಾಳಿ ಮುಗಿಸಿ ಬಂದು ತನ್ನ ಕೈಯಿಂದಲೇ ಕಲ್ಲು ಅಗೆದು, ಮನೆಮನೆಗೆ ಹೋಗಿ ಮರಕ್ಕೂ ಚಾವಣಿಗೂ ಕಾಸು ಬೇಡಿ ಮೂರು ಚಾಪೆಲುಗಳನ್ನು ಎಬ್ಬಿಸಿದನು. ಅವುಗಳಲ್ಲೊಂದಕ್ಕೆ ಮೂರೇ ಕಿಟಕಿಗಳಿದ್ದುದರಿಂದ ‘ಮೂರು ಕಣ್ಣಿನ’ ಚಾಪೆಲೆಂಬ ಹೆಸರು ಬಂದಿತು. ಅದು ಇಂದಿಗೂ ಇದೆ. ಅರಸರ ದತ್ತಿಯಿಲ್ಲ, ಜಮೀನುದಾರರ ಕೊಡುಗೆಯಿಲ್ಲ. ಕೂಲಿಯವರ ಕಾಸಿನಿಂದ ಕಟ್ಟಡ ಎದ್ದಿತು, ಕೂಲಿಯವರೇ ಅದರ ಧರ್ಮದರ್ಶಿಗಳಾದರು. ವಾರವೆಲ್ಲ ಸುರಂಗದಲ್ಲಿ ಉಳಿ ಹಿಡಿದವನು ಭಾನುವಾರ ಉಪದೇಶ ಪೀಠವನ್ನೇರಬಹುದಾಗಿತ್ತು. ದಾನವೆಂಬುದು ಉಳ್ಳವರ ಸ್ವತ್ತಲ್ಲ ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯ ಬೇಕಿಲ್ಲ.

1866ರ ಆರ್ಥಿಕ ಮುಗ್ಗಟ್ಟಿನಲ್ಲಿ ತಾಮ್ರದ ಬೆಲೆ ಕುಸಿದು ಕಾರ್ನ್‌ವಾಲಿನ ಗಣಿಗಳು ಒಂದೊಂದಾಗಿ ಮುಚ್ಚಿದವು. ಗಣಿಗಾರರು ಪ್ರಪಂಚದ ನಾನಾ ಭಾಗಗಳಿಗೆ ಚದರಿಹೋದರು. ದಕ್ಷಿಣ ಆಸ್ಟ್ರೇಲಿಯದ ಮೂಂಟಾ, ಮೆಕ್ಸಿಕೋದ ರಿಯಲ್ ಡೆಲ್ ಮೊಂಟೆ, ಕ್ಯಾಲಿಫೋರ್ನಿಯದ ಗ್ರಾಸ್ ವ್ಯಾಲಿ, ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳು, ಹೀಗೆ ಅವರು ಕಾಲಿಟ್ಟಲ್ಲೆಲ್ಲ ಪಂಪಿನ ಯಂತ್ರವೂ ಮೆಥೊಡಿಸ್ಟ್ ಸ್ತುತಿಗೀತೆಯೂ ಅವರ ಹಿಂದೆಯೇ ಹೋದವು.

ಕೋಲಾರಕ್ಕೆ ಅವರು ಬಂದ ಬಗೆ ಹೀಗೆ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಮಾರಿಕುಪ್ಪದ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು ಕಂಡು ವರದಿ ಮಾಡಿದನು. ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಮೈಕೇಲ್ ಲಾವೆಲ್ 1873ರಲ್ಲಿ ಗಣಿಗಾರಿಕೆಗೆ ಅನುಮತಿ ಕೋರಿ 1875ರಲ್ಲಿ ಅದನ್ನು ಪಡೆದನು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆ ಇಲ್ಲಿಗೆ ಪ್ರವೇಶಿಸಿತು. ಕಾರ್ನ್‌ವಾಲಿನ ಗಣಿಗಳ ಆಡಳಿತದಲ್ಲಿ ಪಳಗಿದ್ದ ಆ ಸಂಸ್ಥೆ ತನ್ನ ಮೇಲ್ವಿಚಾರಕರನ್ನು ಅಲ್ಲಿಂದಲೇ ಕರೆತಂದಿತು. ಬಂಡವಾಳ ಬರಿದಾಗುತ್ತಿದ್ದ ಹೊತ್ತಿನಲ್ಲಿ ಕ್ಯಾಪ್ಟನ್ ಪ್ಲಮರ್ ‘ಚಾಂಪಿಯನ್’ ಎಂಬ ಶ್ರೀಮಂತವಾದ ಅದಿರಿನ ಎಳೆಯನ್ನು ಮುಟ್ಟಿದನು. ಅಲ್ಲಿಂದ ಮುಂದಿನ ಕಥೆ ಸುಪರಿಚಿತ: 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ರೈಲು ಬಂದಿತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು, ಚಾಂಪಿಯನ್ ರೀಫ್ ಗಣಿ ಕಾಲಕ್ರಮದಲ್ಲಿ ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದು ಪ್ರಪಂಚದ ಅತ್ಯಂತ ಆಳದ ಗಣಿಗಳಲ್ಲೊಂದೆನಿಸಿತು.

ಸಮತೆಯ ಪರೀಕ್ಷೆ

ಇಲ್ಲಿ ವಿಚಾರಶೀಲರನ್ನು ಕಾಡುವ ಪ್ರಶ್ನೆಯೊಂದು ಏಳುತ್ತದೆ. ಕಾರ್ನ್‌ವಾಲಿನಲ್ಲಿ ಚಾಪೆಲು ಬಡ ಕೂಲಿಕಾರನ ಮಂದಿರವಾಗಿತ್ತು. ಒಡೆಯರ ಇಗರ್ಜಿಗೆ ಅದು ಕೊಟ್ಟ ಉತ್ತರವಾಗಿತ್ತು. ಅದೇ ಜನ ಕೋಲಾರಕ್ಕೆ ಬಂದಾಗ ಕೂಲಿಕಾರರಾಗಿ ಬರಲಿಲ್ಲ, ಮೇಲ್ವಿಚಾರಕರಾಗಿ ಬಂದರು. ಅವರಿಗೆ ತೋಟದ ಬಂಗಲೆಗಳೂ ಕ್ಲಬ್ಬುಗಳೂ ದೊರೆತವು. ಸುರಂಗದ ತಳದಲ್ಲಿ ಉಳಿ ಹಿಡಿದವರು ಉತ್ತರ ಆರ್ಕಾಟು, ಸೇಲಂ ಮುಂತಾದ ಜಿಲ್ಲೆಗಳಿಂದ ಬಂದ ತಮಿಳರು, ಚಿತ್ತೂರು ಸೀಮೆಯ ತೆಲುಗರು, ಸುತ್ತಿನ ಕನ್ನಡ ಹಳ್ಳಿಗಳವರು. ಅವರಲ್ಲಿ ಬಹುಮಂದಿ ಅಸ್ಪೃಶ್ಯತೆಯ ನೋವನ್ನುಂಡವರು. ಅವರ ವಾಸ ತಟ್ಟಿಯ ಗುಡಿಸಲುಗಳಲ್ಲಿ. ಶಿಲಾಸ್ಫೋಟದಲ್ಲಿ ಸತ್ತವರಲ್ಲಿಯೂ ಕಲ್ಲಿನ ದೂಳಿನಿಂದ ಶ್ವಾಸಕೋಶ ಕೆಟ್ಟು ನರಳಿದವರಲ್ಲಿಯೂ ಹೆಚ್ಚಿನವರು ಇವರೇ.

ಎಲ್ಲರೂ ಒಂದೇ ಮಟ್ಟದಲ್ಲಿ ಕುಳಿತು ಒಂದೇ ವಾಣಿಯನ್ನು ಕೇಳಬೇಕೆಂಬ ತತ್ತ್ವದ ಮೇಲೆ ಹುಟ್ಟಿದ ಆರಾಧನಾ ಪದ್ಧತಿಗೆ ಇದು ಕಠಿಣ ಪರೀಕ್ಷೆಯಾಗಿತ್ತು. ವಸಾಹತಿನ ಸಮಾಜದಲ್ಲಿ ಇಂಗ್ಲಿಷ್ ಸಭೆ ಬೇರೆ, ದೇಶಭಾಷೆಯ ಸಭೆ ಬೇರೆ. ಇದನ್ನು ಭಾಷೆಯ ಭೇದವೆಂದು ಹೇಳುತ್ತಿದ್ದರೂ ಭಾಷೆಯ ಹಿಂದೆ ವರ್ಣವೂ ಅಂತಸ್ತೂ ನಿಂತಿದ್ದುವೆಂಬುದನ್ನು ಮರೆಮಾಚಲಾಗದು. ಆದರೂ ಪರಿಣಾಮವನ್ನು ನೋಡುವಾಗ ಒಂದು ಮಾತನ್ನು ಹೇಳಬೇಕು. ಒಡೆಯರು ಕಲಿಸಲು ಉದ್ದೇಶಿಸಿದ್ದಕ್ಕಿಂತ ಹೆಚ್ಚನ್ನು ಕಾರ್ಮಿಕರು ಕಲಿತರು. ಅಕ್ಷರ, ಸಭೆ ನಡೆಸುವ ಕ್ರಮ, ವಂತಿಗೆ ಕೂಡಿಸಿ ಸ್ವಂತ ಮಂದಿರ ಕಟ್ಟುವ ಸ್ವಾವಲಂಬನೆ, ಇವುಗಳನ್ನು ಅವರು ತಮ್ಮವನ್ನಾಗಿ ಮಾಡಿಕೊಂಡರು. ಕ್ರೈಸ್ತರಷ್ಟೇ ಅಲ್ಲ, ಇಲ್ಲಿಯ ಬೌದ್ಧ ಸಂಘಗಳೂ ಕಾರ್ಮಿಕ ಸಂಘಗಳೂ ಇದೇ ಸ್ವಾವಲಂಬನೆಯ ಹಾದಿಯಲ್ಲಿ ಬೆಳೆದವು.

ಗಣಿಗಳಾಚೆ ಕೋಲಾರ ಪಟ್ಟಣದಲ್ಲಿಯೂ ಈ ಪರಂಪರೆಯ ಗುರುತುಗಳಿವೆ. 1876–78ರ ಘೋರ ಕ್ಷಾಮದಲ್ಲಿ ಆನ್‌ಸ್ಟಿ ಎಂಬ ಮಹಿಳೆ ಅಲ್ಲಿ ಅನಾಥ ಮಕ್ಕಳಿಗೆ ಆಶ್ರಯವನ್ನು ಸ್ಥಾಪಿಸಿದರು. 1890ರಲ್ಲಿ ಆ ಸಂಸ್ಥೆ ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೊಪಲ್ ಮಿಷನ್ನಿನ ವಶಕ್ಕೆ ಬಂದಿತು. ಅದೇ ಮಿಷನ್ನು 1910ರಲ್ಲಿ ತೆರೆದ ಎಲೆನ್ ಥೋಬರ್ನ್ ಕೋವೆನ್ ಆಸ್ಪತ್ರೆ ಜಿಲ್ಲೆಯ ಜನರಿಗೆ ಚಿರಪರಿಚಿತ.

ಕನ್ನಡದ ಚಾಪೆಲು

ಚಾಪೆಲು ಕನ್ನಡವನ್ನು ಮಾತನಾಡಿದ ಕಥೆಯನ್ನು ತಿಳಿಯಲು ಬಳ್ಳಾರಿಗೂ ಬೆಂಗಳೂರಿನ ಪೇಟೆಗೂ ಹೋಗಬೇಕು. 1795ರಲ್ಲಿ ಹುಟ್ಟಿದ ಲಂಡನ್ ಮಿಷನರಿ ಸೊಸೈಟಿಯ ಬೆನ್ನೆಲುಬಾಗಿದ್ದವರು ‘ಕಾಂಗ್ರಿಗೇಷನಲಿಸ್ಟ್’ ಪಂಗಡದವರು. ಪ್ರತಿಯೊಂದು ಸಭೆಯೂ ಸ್ವಯಮಾಡಳಿತವುಳ್ಳದ್ದು, ಅದರ ಮೇಲೆ ಬಿಷಪ್ಪನ ಅಧಿಕಾರವಿಲ್ಲ ಎಂಬುದು ಇವರ ಸಿದ್ಧಾಂತ. ಈ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲನ್ನು ಕನ್ನಡಿಸಿದರು. 1831ರ ವೇಳೆಗೆ ಆ ಕಾರ್ಯ ಪೂರ್ಣವಾಯಿತು. ಅವರ ಸಹೋದ್ಯೋಗಿ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದರು. ವಾಣಿಯನ್ನೇ ಕೇಂದ್ರವಾಗಿಟ್ಟುಕೊಂಡ ಪಂಥಕ್ಕೆ ಜನರ ಭಾಷೆಯನ್ನು ಕಲಿಯದೆ ಗತಿಯಿರಲಿಲ್ಲ. ಮತಪ್ರಚಾರದ ಉದ್ದೇಶದಿಂದ ಆರಂಭವಾದ ಈ ಭಾಷಾಪರಿಶ್ರಮ ಕಡೆಗೆ ಕನ್ನಡಿಗರೆಲ್ಲರ ಸ್ವತ್ತಾಯಿತು.

1837ರಲ್ಲಿ ಬೆಂಗಳೂರಿಗೆ ಬಂದ ಬೆಂಜಮಿನ್ ರೈಸ್ ಅಲ್ಲಿಯೇ ಐವತ್ತು ವರ್ಷ ದುಡಿದು 1887ರಲ್ಲಿ ನಿಧನರಾದರು. ದಂಡಿನ ಪ್ರದೇಶದ ಬಂಗಲೆಗಳನ್ನು ಬಿಟ್ಟು, ವರ್ತಕರೂ ನೇಕಾರರೂ ಕಿಕ್ಕಿರಿದಿದ್ದ ಪೇಟೆಯಲ್ಲಿ ಅವರು ಕನ್ನಡ ಸಭೆಯನ್ನು ಪೋಷಿಸಿದರು. ಬೀದಿಗಳಲ್ಲಿ ಶಾಲೆಗಳನ್ನು ತೆರೆದರು. ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಅವರ ಪತ್ನಿ 1840ರ ಸುಮಾರಿನಲ್ಲಿಯೇ ಕೈಹಾಕಿದರು.

ಈ ಮನೆತನದ ಋಣ ಕನ್ನಡ ವಿದ್ವತ್ ಪ್ರಪಂಚದ ಮೇಲೆ ದೊಡ್ಡದು. ಬೆಂಜಮಿನ್ ರೈಸರ ಮಗ ಬಿ. ಎಲ್. ರೈಸ್ 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿ, ಮೈಸೂರು ಸಂಸ್ಥಾನದ ಸಹಸ್ರಾರು ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಪ್ರಕಟಿಸಿದರು. ಅದರ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು. ಇನ್ನೊಬ್ಬ ಮಗ ಇ. ಪಿ. ರೈಸ್ ತಂದೆಯ ಮಾರ್ಗದಲ್ಲಿಯೇ ಮಿಷನರಿಯಾಗಿ, ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯ ಚರಿತ್ರೆಯನ್ನು ಬರೆದರು. 1915ರಲ್ಲಿ ಮೊದಲು ಹೊರಬಂದು 1921ರಲ್ಲಿ ಪರಿಷ್ಕೃತವಾದ ಆ ಗ್ರಂಥದಲ್ಲಿ ಜೈನ, ವೈಷ್ಣವ ಸಾಹಿತ್ಯಗಳೊಂದಿಗೆ ಲಿಂಗಾಯತ ಸಾಹಿತ್ಯಕ್ಕೂ ಪ್ರತ್ಯೇಕ ಸ್ಥಾನವುಂಟು. ಶರಣರ ವಚನಗಳ ವಿಚಾರ ಇಂಗ್ಲಿಷ್ ಓದುಗರನ್ನು ಮುಟ್ಟಿದ ಆರಂಭದ ದಾರಿಗಳಲ್ಲಿ ಅದೂ ಒಂದು. ಅನ್ಯಮತದವರಾದರೂ ಮತ್ತೊಂದು ಪರಂಪರೆಯ ಸಾಹಿತ್ಯವನ್ನು ಓದಿ ಅದರ ಸ್ಥಾನವನ್ನು ಗುರುತಿಸಿದ ಈ ವಿದ್ವಾಂಸರ ವಿಷಯದಲ್ಲಿ ಕನ್ನಡಿಗರು ಕೃತಜ್ಞರಾಗಿರುವುದು ಉಚಿತ.

ಎರಡು ಮಂದಿರಗಳು, ಎರಡು ಶೈಲಿಗಳು

ಬೆಂಜಮಿನ್ ರೈಸರು ಸೇವೆ ಸಲ್ಲಿಸಿದ ಹಳೆಯ ಕನ್ನಡ ಚಾಪೆಲಿನ ಸ್ಥಳದಲ್ಲಿ ಹೊಸ ಮಂದಿರವನ್ನು 1913ರಿಂದ 1916ರ ಅವಧಿಯಲ್ಲಿ ಕಟ್ಟಿ, 1917ರಲ್ಲಿ ಪ್ರತಿಷ್ಠಾಪಿಸಲಾಯಿತು. ಹಿಂದಿನ ದೊಡ್ಡಪೇಟೆ, ಇಂದಿನ ಅವೆನ್ಯೂ ರಸ್ತೆಯ ಅಂಗಡಿಗಳ ನಡುವೆ ನಿಂತಿರುವ ಈ ರೈಸ್ ಸ್ಮಾರಕ ಮಂದಿರ ಚಾಪೆಲು ಪರಂಪರೆಯ ಉತ್ತಮ ಮಾದರಿ. ಇದರ ಶೈಲಿ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಅಭಿಜಾತ ಶೈಲಿ. ಮುಂಭಾಗದಲ್ಲಿ ತ್ರಿಕೋನಾಕಾರದ ಶಿರೋಭಾಗ. ಅದನ್ನು ಹೊತ್ತ ಟಸ್ಕನ್ ಕಂಬಗಳು. ನಡುಗಲ್ಲು ಎದ್ದು ಕಾಣುವ ಅರ್ಧವರ್ತುಲ ಕಮಾನುಗಳು. ಟಸ್ಕನ್ ಕಂಬವೆಂದರೆ ಪ್ರಾಚೀನ ರೋಮಿನ ಸ್ತಂಭ ಪ್ರಕಾರಗಳಲ್ಲಿ ಅತ್ಯಂತ ಸರಳವಾದುದು. ಅದರ ಮೈಮೇಲೆ ಗೀರುಗಳಿಲ್ಲ, ತಲೆಯ ಮೇಲೆ ಎಲೆಬಳ್ಳಿಗಳ ಕೆತ್ತನೆಯಿಲ್ಲ. ಗಾಂಭೀರ್ಯ ಬೇಕು, ಆಡಂಬರ ಬೇಡ ಎಂಬ ಪಂಥ ಇಂತಹ ಕಂಬವನ್ನು ಆರಿಸಿಕೊಂಡುದು ಸಹಜವೇ. ಶಿಲುಬೆಯಾಕಾರದ ತಳವಿನ್ಯಾಸಕ್ಕೂ ಮೊನಚಾದ ಕಮಾನಿಗೂ ಮಧ್ಯಯುಗದ ಮತಾಧಿಕಾರದ ನೆನಪು ಅಂಟಿತ್ತು. ತ್ರಿಕೋನ ಶಿರೋಭಾಗವಾದರೋ ನಗರಸಭೆಗೂ ಗ್ರಂಥಭಂಡಾರಕ್ಕೂ ಸಮಾನವಾಗಿ ಒಪ್ಪುವಂಥದು. ಇಲ್ಲಿ ನಾಗರಿಕರು ಕೂಡುತ್ತಾರೆ ಎಂಬುದನ್ನಷ್ಟೇ ಅದು ಸಾರುತ್ತದೆ.

ಇದಕ್ಕೆ ಪ್ರತಿಯಾಗಿ ನೋಡಬೇಕಾದುದು ನಗರಪಾಲಿಕೆ ಕಚೇರಿಯ ಸಮೀಪದಲ್ಲಿರುವ ಹಡ್ಸನ್ ಸ್ಮಾರಕ ಮಂದಿರ. 1904ರಲ್ಲಿ ಕಟ್ಟಿದ ಇದೂ ಕನ್ನಡ ಸಭೆಯದೇ, ವೆಸ್ಲಿಯನ್ ಮೆಥೊಡಿಸ್ಟರದು. ಶಿಕ್ಷಣಕ್ಷೇತ್ರದಲ್ಲಿ ದುಡಿದ ಜೋಸಯ ಹಡ್ಸನ್ನರ ನೆನಪಿಗಾಗಿ ಕಟ್ಟಿದ್ದು. ಆದರೆ ಇದರ ಶೈಲಿ ಗಾಥಿಕ್: ಮೊನಚಾದ ಕಮಾನುಗಳು, ಬಣ್ಣದ ಗಾಜಿನ ಕಿಟಕಿಗಳು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಒಪ್ಪದವರು ಸಿರಿವಂತರೂ ಮಾನ್ಯರೂ ಆದಂತೆ, ಹಿಂದೆ ತಾವೇ ನಿರಾಕರಿಸಿದ್ದ ಗಾಥಿಕ್ ಶೈಲಿಯನ್ನು ಅನೇಕ ಕಡೆಗಳಲ್ಲಿ ಅಪ್ಪಿಕೊಂಡರು. ಒಂದೇ ಊರಿನಲ್ಲಿ, ಒಂದೇ ಭಾಷೆಯ ಎರಡು ಸಭೆಗಳು ಹದಿಮೂರು ವರ್ಷಗಳ ಅಂತರದಲ್ಲಿ ಕಟ್ಟಿದ ಈ ಎರಡು ಮಂದಿರಗಳು ಪರಂಪರೆಯೊಂದು ತನ್ನೊಳಗೇ ನಡೆಸಿದ ವಾಗ್ವಾದದಂತೆ ಇಂದಿಗೂ ಎದುರುಬದುರಾಗಿವೆ. ಮಾನ್ಯತೆ ದೊರೆತ ಮೇಲೆಯೂ ಸರಳತೆಯನ್ನು ಉಳಿಸಿಕೊಳ್ಳಬಹುದೇ ಎಂಬುದು ಆ ವಾಗ್ವಾದದ ವಿಷಯ. ಈ ಪ್ರಶ್ನೆ ಕ್ರೈಸ್ತರಿಗಷ್ಟೇ ಸಂಬಂಧಿಸಿದುದಲ್ಲ. ಸುಧಾರಣೆಯಿಂದ ಹುಟ್ಟಿದ ಯಾವ ಧರ್ಮಪಂಥವೂ ಇದನ್ನು ಎದುರಿಸಲೇಬೇಕು.

ಕೂಡಿಕೆ ಮತ್ತು ಅಗಲಿಕೆ

ಇಂಗ್ಲೆಂಡಿನ ಹಳೆಯ ಜಗಳ ಭಾರತದ ನೆಲದಲ್ಲಿ ಬಹುಕಾಲ ಅರ್ಥವುಳ್ಳದ್ದಾಗಿ ಉಳಿಯಲಿಲ್ಲ. 1662ರ ಶಾಸನದ ಕಾರಣದಿಂದ ಕನ್ನಡಿಗರೋ ತಮಿಳರೋ ಬೇರೆಬೇರೆ ಪಂಗಡಗಳಾಗಿರಬೇಕಾದ ಅಗತ್ಯವೇನು ಎಂಬ ಪ್ರಶ್ನೆ ಇಲ್ಲಿಯ ಸಭೆಗಳಲ್ಲಿಯೇ ಎದ್ದಿತು. 1908ರಲ್ಲಿ ಕಾಂಗ್ರಿಗೇಷನಲಿಸ್ಟರೂ ಪ್ರೆಸ್ಬಿಟೀರಿಯನರೂ ಒಂದಾದರು. 1947ರ ಸೆಪ್ಟೆಂಬರ್ 27ರಂದು, ದೇಶ ಸ್ವತಂತ್ರವಾದ ಆರು ವಾರಗಳಲ್ಲಿ, ಮದರಾಸಿನಲ್ಲಿ ಆಂಗ್ಲಿಕನರೂ ವೆಸ್ಲಿಯನ್ ಮೆಥೊಡಿಸ್ಟರೂ ಇವರೊಡನೆ ಕೂಡಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಬಿಷಪ್ಪನ ಆಡಳಿತವನ್ನು ಒಪ್ಪದೆ ಹೊರನಡೆದವರ ವಾರಸುದಾರರು ಬಿಷಪ್ಪನೊಂದಿಗೇ ಒಂದೇ ಮೇಜಿಗೆ ಬಂದರು. ರೈಸ್, ಹಡ್ಸನ್ ಮಂದಿರಗಳೆರಡೂ ಈಗ ಇದೇ ಸಭೆಗೆ ಸೇರಿವೆ. ಅಮೆರಿಕನ್ ಮೂಲದ ಮೆಥೊಡಿಸ್ಟರು ಈ ಐಕ್ಯದಿಂದ ಹೊರಗುಳಿದು, 1981ರಲ್ಲಿ ಸ್ವಯಮಾಡಳಿತದ ಭಾರತ ಮೆಥೊಡಿಸ್ಟ್ ಸಭೆಯಾದರು.

ಗಣಿಗಳ ಭಾಗ್ಯ ಬೇರೆಯಾಯಿತು. 1956ರಲ್ಲಿ ಮೈಸೂರು ಸರ್ಕಾರ ಅವುಗಳನ್ನು ರಾಷ್ಟ್ರೀಕರಿಸಿತು. 1962ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಸ್ಥಾಪನೆಯಾಯಿತು. ಕಾರ್ನ್‌ವಾಲಿನವರು ಸ್ವದೇಶಕ್ಕೆ ತೆರಳಿದರು. ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ ಅನೇಕವು ವಲಸೆ ಹೋದವು. 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತುಹೋಯಿತು. ಕಾರ್ಮಿಕರ ಮಕ್ಕಳು ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಹಿಂದಿರುಗುವಂತಾಯಿತು. ಕಾರ್ನ್‌ವಾಲಿಗೆ 1866ರಲ್ಲಿ ಬಂದೊದಗಿದ ದುರ್ಗತಿಯೇ ಕೋಲಾರಕ್ಕೂ ಬಂದಿತು.

ಇಂತಹ ಹೊತ್ತಿನಲ್ಲಿ ಆರಾಧನಾ ಮಂದಿರಗಳ ರಕ್ಷಣೆ ಯಾರ ಹೊಣೆ? ಅರಮನೆಗಳಿಗೂ ಕೋಟೆಗಳಿಗೂ ಪ್ರಾಚ್ಯವಸ್ತು ಇಲಾಖೆಯ ಆಸರೆಯುಂಟು. ಶಿಲ್ಪವೈಭವದ ದೇವಾಲಯಗಳಿಗೆ ಪ್ರವಾಸಿಗಳ ಕಾಣಿಕೆಯುಂಟು. ಸರಳವಾದ ಕಟ್ಟಡಕ್ಕೆ ಅದರ ಸರಳತೆಯೇ ಶತ್ರು. ಕೆತ್ತನೆಯಿಲ್ಲದ ಗೋಡೆ ಬಿದ್ದರೆ ಮರುಗುವವರು ವಿರಳ. ಅಂತಹ ಮಂದಿರವನ್ನು ಉಳಿಸಬಲ್ಲವರು ಅದರಲ್ಲಿ ಕೂಡುವ ಜನ ಮಾತ್ರ. ಚಾವಣಿಯ ಸೋರಿಕೆಯನ್ನು ಮಳೆಗಾಲಕ್ಕೆ ಮುಂಚೆ ಸರಿಪಡಿಸುವುದು, ಹಳೆಯ ದಾಖಲೆ ಪುಸ್ತಕಗಳನ್ನು ಗೆದ್ದಲಿನಿಂದ ಕಾಪಾಡುವುದು, ಮುಂಗೋಡೆಯ ವರ್ಷದ ಕಲ್ಲಿಗೆ ಸುಣ್ಣ ಬಳಿದು ಮುಚ್ಚದಿರುವುದು, ಇವು ಸಣ್ಣ ಕೆಲಸಗಳಂತೆ ಕಂಡರೂ ಚರಿತ್ರೆ ಉಳಿಯುವುದು ಇವುಗಳಿಂದಲೇ. ಊರಿನ ಶಾಲೆಗಳ ಅಧ್ಯಾಪಕರು ವಿದ್ಯಾರ್ಥಿಗಳನ್ನು ಇಂತಹ ಕಟ್ಟಡಗಳಿಗೆ ಕರೆದೊಯ್ದು, ಅಳತೆ ತೆಗೆಸಿ, ನಕ್ಷೆ ಬರೆಯಿಸಿ, ಹಿರಿಯರ ನೆನಪುಗಳನ್ನು ಬರೆದಿಡಿಸಿದರೆ ಅದೂ ಒಂದು ದಾನವೇ ಸರಿ.

ಬಿಲ್ಲಿ ಬ್ರೇ ತನ್ನ ಕೈಯಿಂದ ಕಟ್ಟಿದ ಚಾಪೆಲು ಉಳಿದದ್ದು ಅದರ ಕಲ್ಲು ಗಟ್ಟಿಯಾಗಿತ್ತೆಂಬ ಕಾರಣದಿಂದಷ್ಟೇ ಅಲ್ಲ. ಆತನ ಅನಂತರ ಬಂದವರು ತಲೆಮಾರು ತಲೆಮಾರಾಗಿ ಅದರ ಚಾವಣಿಯನ್ನು ಹೊದಿಸುತ್ತ ಬಂದರು. ಕೂಲಿಯ ಕಾಸಿನಿಂದ ಎದ್ದ ಮಂದಿರವಾಗಲಿ, ಭಕ್ತರ ಹಿಡಿಯಕ್ಕಿಯಿಂದ ಎದ್ದ ವಿದ್ಯಾಲಯವಾಗಲಿ, ಒಮ್ಮೆ ಕಟ್ಟಿ ಮುಗಿಸಿದೆವೆಂದು ಕೈ ತೊಳೆಯುವ ವಸ್ತುವಲ್ಲ. ಪ್ರತಿಯೊಂದು ತಲೆಮಾರೂ ಅದನ್ನು ಮತ್ತೆ ಕಟ್ಟಬೇಕಾಗುತ್ತದೆ.